ವರ್ಷಕ್ಕೆ ನಾಲ್ಕಿಂಚು ಮಳೆ ಬೀಳೋ ಊರಿಗೆ ಪ್ರವಾಹ ನಿಯಂತ್ರಣದ ಸಂಸ್ಥೆ ಯಾಕೆ? ಲಾಸ್ ವೇಗಸ್‌ನಲ್ಲಿ ಇದು ನಡೆಯೋದು ಹೇಗೆ?

ಒಣಹಳ್ಳ:

ನೆವಾಡಾದ ಲಾಸ್ ವೇಗಸ್ ಕಣಿವೆಯಲ್ಲಿ ಸರಾಸರಿ ವಾರ್ಷಿಕ ಮಳೆ 4 ಇಂಚು ಚಿಲ್ಲರೆ, ಅಂದ್ರೆ 105 ಮಿ.ಮೀ. ಆಸುಪಾಸು. ಆದರೂ ಅಲ್ಲಿ ಕ್ಲಾರ್ಕ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ರೀಜನಲ್ ಫ್ಲಡ್ ಕಂಟ್ರೋಲ್ ಡಿಸ್ಟ್ರಿಕ್ಟ್ ಅಂತ ಪ್ರತ್ಯೇಕ ಸಂಸ್ಥೆಯೇ ಇದೆ. ಅದರ ನಕ್ಷೆ ನೋಡಿದರೆ ಕಣಿವೆಯ ಅಂಚಿನ ಸುತ್ತ ಒಣಗಿದ ಕೆರೆಗಳ ಹಾಗೆ ಗುಂಡಿಗಳ ಸಾಲು, ಅಲ್ಲಿಂದ ಊರೊಳಗೆ ಕಾಂಕ್ರೀಟ್ ಕಾಲುವೆಗಳು. ಕೆಲವು ಪ್ರಶ್ನೆಗಳು:

ನಗರಪಾಲಿಕೆಗಳು ಇದ್ದೂ ಈ ಸಂಸ್ಥೆ ಯಾಕೆ ಬೇಕಾಯ್ತು? ದುಡ್ಡು ಎಲ್ಲಿಂದ? ಗುಂಡಿ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕೋದು ಹೇಗೆ? ಗುಂಡಿ ಬಿಟ್ಟು ಕಾಲುವೆಯನ್ನೇ ದೊಡ್ಡದು ಮಾಡಿದರೆ ಆಗಲ್ವಾ? ಕಾಗದದ ಮೇಲೆ ಸರಿಯಿದ್ದು ನೆಲದ ಮೇಲೆ ಕೈಕೊಡೋದು ಯಾವುದು?

ನಕ್ಷೆಗಾರ:

ಮೊದಲ ಎರಡಕ್ಕೆ ನಾನು ಉತ್ತರಿಸ್ತೀನಿ, ಲೆಕ್ಕ ಬೇರೆಯವರಿಗೆ ಬಿಡ್ತೀನಿ.

ಡಿಸ್ಟ್ರಿಕ್ಟ್ ಗುದ್ದಲಿ ಹಿಡಿಯೋ ಸಂಸ್ಥೆ ಅಲ್ಲ. ಅದರ ಕೈಯಲ್ಲಿರೋದು ಮಾಸ್ಟರ್ ಪ್ಲಾನ್, ಹಣದ ಥೈಲಿ, ವಿನ್ಯಾಸದ ನಿಯಮಪುಸ್ತಕ. ಟೆಂಡರ್ ಕರೆಯೋದು, ಕಟ್ಟಿಸೋದು, ಆಮೇಲೆ ಹೂಳು ತೆಗೆಸೋದು ಎಲ್ಲ ಆಯಾ ನಗರ ಅಥವಾ ಕೌಂಟಿಯ ಕೆಲಸ.

ಪ್ರತ್ಯೇಕ ಸಂಸ್ಥೆ ಬೇಕಾಗಿದ್ದು ನೀರಿಗೆ ಊರ ಗಡಿ ಗೊತ್ತಿಲ್ಲದ್ದರಿಂದ. ಕಣಿವೆಯ ಪಶ್ಚಿಮಕ್ಕೆ ಸ್ಪ್ರಿಂಗ್ ಬೆಟ್ಟಸಾಲು. ಅಲ್ಲಿ ಸುರಿದದ್ದು ಕೌಂಟಿ ಜಾಗ ದಾಟಿ, ನಗರಗಳ ನಡುವೆ ನುಗ್ಗಿ, ಪೂರ್ವಕ್ಕೆ ಇಳಿದು, ಲಾಸ್ ವೇಗಸ್ ವಾಶ್ ಎಂಬ ಒಂದೇ ಹಳ್ಳ ಸೇರಿ ಲೇಕ್ ಮೀಡ್ ಜಲಾಶಯಕ್ಕೆ ಹೋಗುತ್ತೆ. ಮೇಲಿನ ಊರಿನವರು ತಮ್ಮ ಕಾಲುವೆ ಅಗಲ ಮಾಡಿ ನೀರನ್ನು ಬೇಗ ದಾಟಿಸಿದರೆ ಮುಳುಗೋದು ಕೆಳಗಿನ ಊರು. 1975ರ ಜುಲೈ 3ರ ಪ್ರವಾಹದಲ್ಲಿ ಸೀಸರ್ಸ್ ಪ್ಯಾಲೇಸ್ ಎಂಬ ಕ್ಯಾಸಿನೊ ಹೋಟೆಲಿನ ಪಾರ್ಕಿಂಗ್‌ನಲ್ಲಿದ್ದ ಕಾರುಗಳು ತೇಲಿಹೋದವು. ಅದಾಗಿ ಹತ್ತು ವರ್ಷಕ್ಕೆ, 1985ರಲ್ಲಿ, ರಾಜ್ಯ ಶಾಸನಸಭೆ ಇಂಥ ಡಿಸ್ಟ್ರಿಕ್ಟ್ ರಚನೆಗೆ ದಾರಿ ಮಾಡಿಕೊಟ್ಟಿತು. 1986ರಲ್ಲಿ ಮತದಾರರು ಕಾಲು ಸೆಂಟಿನ ಮಾರಾಟ ತೆರಿಗೆ ಒಪ್ಪಿದರು: ತೆರಿಗೆ ಬೀಳೋ 100 ಡಾಲರ್ ಖರೀದಿಗೆ 25 ಸೆಂಟ್. ಪ್ರವಾಸಿಗರು ತುಂಬಿ ತುಳುಕುವ ಊರಲ್ಲಿ ಇದು ಜಾಣತನದ ತೆರಿಗೆ, ಒಂದು ಪಾಲು ಹೊರಗಿನವರೇ ಕಟ್ಟಿ ಹೋಗ್ತಾರೆ.

ಆಡಳಿತ ಮಂಡಳಿಯಲ್ಲಿ ಎಂಟು ಜನ, ಎಲ್ಲರೂ ಬೇರೆಡೆ ಚುನಾಯಿತರು. ಕೌಂಟಿಯಿಂದ ಇಬ್ಬರು, ಲಾಸ್ ವೇಗಸ್ ನಗರದಿಂದ ಇಬ್ಬರು, ನಾರ್ತ್ ಲಾಸ್ ವೇಗಸ್, ಹೆಂಡರ್ಸನ್, ಬೌಲ್ಡರ್ ಸಿಟಿ, ಮೆಸ್ಕೀಟ್‌ನಿಂದ ಒಬ್ಬೊಬ್ಬರು. ಜೊತೆಗೆ ಒಂದು ತಾಂತ್ರಿಕ ಸಲಹಾ ಸಮಿತಿ, ಒಂದು ನಾಗರಿಕರ ಸಲಹಾ ಸಮಿತಿ.

ಒಂದು ಕಾಮಗಾರಿ ಸಾಗೋ ದಾರಿ: ಅದು ಮೊದಲು ಮಾಸ್ಟರ್ ಪ್ಲಾನ್‌ನಲ್ಲಿರಬೇಕು. ಐದು ವರ್ಷಕ್ಕೊಮ್ಮೆ ಆ ಪ್ಲಾನ್ ಪರಿಷ್ಕರಣೆ. ಅಲ್ಲಿಂದ ಹತ್ತು ವರ್ಷದ ನಿರ್ಮಾಣ ಪಟ್ಟಿಗೆ ಬರಬೇಕು. ಸರದಿ ಬಂದಾಗ ನಗರ ಮತ್ತು ಡಿಸ್ಟ್ರಿಕ್ಟ್ ನಡುವೆ ಒಪ್ಪಂದ, ವಿನ್ಯಾಸಕ್ಕೆ ಒಮ್ಮೆ, ನಿರ್ಮಾಣಕ್ಕೆ ಮತ್ತೊಮ್ಮೆ. ಬಿಲ್ ನಗರ ಕಳಿಸುತ್ತೆ, ದುಡ್ಡು ಡಿಸ್ಟ್ರಿಕ್ಟ್ ಕೊಡುತ್ತೆ. ಕಣಿವೆಯ ಅಂಚಿನ ಜಮೀನು ಬಹುಪಾಲು ಕೇಂದ್ರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನದು. ಹಾಗಾಗಿ ಅಲ್ಲಿ ಗುಂಡಿ ತೋಡೋಕೆ ದಾರಿಹಕ್ಕು, ಪರಿಸರ ಪರಿಶೀಲನೆ, ಮರುಭೂಮಿ ಆಮೆಯ ರಕ್ಷಣೆಯ ಷರತ್ತು ಎಲ್ಲ ದಾಟಬೇಕು. ಎಷ್ಟೋ ಸಲ ಮಣ್ಣು ಅಗೆಯೋದಕ್ಕಿಂತ ಈ ಕಾಗದಗಳಿಗೇ ಹೆಚ್ಚು ಸಮಯ ಹಿಡಿಯುತ್ತೆ.

ಮಾರಾಟ ತೆರಿಗೆಗೆ ಒಂದು ದೋಷವಿದೆ: ವ್ಯಾಪಾರ ಬಿದ್ದರೆ ಅದೂ ಬೀಳುತ್ತೆ. ದೊಡ್ಡ ಕಾಮಗಾರಿಗಳಿಗೆ ಬಾಂಡ್ ಎತ್ತಿ, ತೆರಿಗೆಯಿಂದ ತೀರಿಸ್ತಾರೆ. ಮಂದಗತಿಯ ವರ್ಷದಲ್ಲೂ ಬಾಂಡಿನ ಕಂತು ನಿಲ್ಲಲ್ಲ, ಹೊಸ ಕಾಮಗಾರಿ ನಿಲ್ಲುತ್ತೆ. ಫೀನಿಕ್ಸ್ ಇರೋ ಮಾರಿಕೋಪ ಕೌಂಟಿಯ ಪ್ರವಾಹ ನಿಯಂತ್ರಣ ಡಿಸ್ಟ್ರಿಕ್ಟ್ (1959), ಆಲ್ಬುಕರ್ಕಿ ನಗರದ ಅಂಥದ್ದೇ ಸಂಸ್ಥೆ ಅಮಾಫ್ಕಾ (1963) ಇವೆರಡೂ ಆಸ್ತಿ ತೆರಿಗೆ ನೆಚ್ಚಿಕೊಂಡಿವೆ. ಏರಿಳಿತ ಅಲ್ಲಿ ಕಡಿಮೆ.

ಮಳೆಲೆಕ್ಕ:

‘ವರ್ಷಕ್ಕೆ ನಾಲ್ಕಿಂಚು’ ಅನ್ನೋ ಸಂಖ್ಯೆಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲ, ಅದನ್ನ ಬದಿಗಿಡಿ. 1999ರ ಜುಲೈ 8ರಂದು ಕಣಿವೆಯ ಕೆಲವು ಕಡೆ ಒಂದೂವರೆ ಗಂಟೆ ಒಳಗೆ ಸುಮಾರು 3 ಇಂಚು ಸುರೀತು. ವರ್ಷದ ಮಳೆಯ ಮುಕ್ಕಾಲು ಪಾಲಿನಷ್ಟು ಒಂದೇ ಮಧ್ಯಾಹ್ನ! ಇಬ್ಬರು ಸತ್ತರು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಾನ್ಸೂನ್ ಗುಡುಗುಮಳೆಯ ಗುಣವೇ ಹಾಗೆ: ಚಿಕ್ಕ ಜಾಗ, ಕಡಿಮೆ ಹೊತ್ತು, ವಿಪರೀತ ಬಿರುಸು.

ನೆಲವೂ ಸಹಾಯ ಮಾಡಲ್ಲ. ಕಣಿವೆಯ ಮಣ್ಣಿನಡಿ ಬಹಳ ಕಡೆ ಕ್ಯಾಲೀಚೆ ಇದೆ, ಸುಣ್ಣ ಗಟ್ಟಿಯಾಗಿ ಕಾಂಕ್ರೀಟಿನಂತಾದ ಪದರ. ನೀರು ಅದರೊಳಗೆ ಇಳಿಯೋದು ಕಷ್ಟ. ಮೇಲೆ ಡಾಂಬರು, ಛಾವಣಿ ಸೇರಿದರೆ ಕೇಳೋದೇ ಬೇಡ.

ಲೆಕ್ಕ ಹೀಗೆ. ಅಲ್ಲಿ ಪ್ರಾದೇಶಿಕ ಕಾಮಗಾರಿಗಳ ವಿನ್ಯಾಸಮಳೆ 100 ವರ್ಷದ, 6 ಗಂಟೆಯ ಮಳೆ. ಅಂದ್ರೆ ಯಾವುದೇ ವರ್ಷದಲ್ಲಿ ಬರೋ ಸಂಭವ ಶೇ. 1, ನೂರು ವರ್ಷಕ್ಕೆ ಒಂದೇ ಸಲ ಅಂತಲ್ಲ. ಉದಾಹರಣೆಗೆ 70 ಮಿ.ಮೀ. ಹಿಡಿಯಿರಿ, ಜಲಾನಯನ 10 ಚದರ ಕಿ.ಮೀ. ಹರಿದು ಹೋಗೋ ನೀರಿಗೆ ಕರ್ವ್ ನಂಬರ್ ವಿಧಾನ: ನೆಲ ನೀರನ್ನು ಹೀರದೆ ಹರಿಯಬಿಟ್ಟಷ್ಟೂ ಈ ನಂಬರ್ ದೊಡ್ಡದು. ಮೊದಲು ನೆಲದ ಹಿಡಿತ: 25,400ನ್ನು ಕರ್ವ್ ನಂಬರಿನಿಂದ ಭಾಗಿಸಿ 254 ಕಳೆಯಿರಿ. ಮಳೆಯಿಂದ ಹಿಡಿತದ 0.2 ಪಾಲು ಕಳೆದು ವರ್ಗ ಮಾಡಿ. ಮಳೆಗೆ ಹಿಡಿತದ 0.8 ಪಾಲು ಕೂಡಿಸಿ, ಅದರಿಂದ ಭಾಗಿಸಿ.

ಬರೀ ಮರುಭೂಮಿ, ಕರ್ವ್ ನಂಬರ್ 85: ಹಿಡಿತ 44.8 ಮಿ.ಮೀ., ಹರಿವು ಸುಮಾರು 35 ಮಿ.ಮೀ. 10 ಚದರ ಕಿ.ಮೀ.ಗೆ 3.5 ಲಕ್ಷ ಘನ ಮೀಟರ್.

ಅದೇ ಜಾಗದಲ್ಲಿ ಬಡಾವಣೆ ಬಂತು, ಕರ್ವ್ ನಂಬರ್ 92: ಹಿಡಿತ 22 ಮಿ.ಮೀ., ಹರಿವು 49 ಮಿ.ಮೀ. 4.9 ಲಕ್ಷ ಘನ ಮೀಟರ್.

ಮಳೆ ಅದೇ, ನೀರು ಶೇ. 40 ಜಾಸ್ತಿ. ಗಾತ್ರಕ್ಕಿಂತ ಕೆಟ್ಟದ್ದು ಸಮಯ: ಡಾಂಬರಿನ ಮೇಲೆ ನೀರು ಬೇಗ ಒಟ್ಟಾಗುತ್ತೆ, ಹಾಗಾಗಿ ಗರಿಷ್ಠ ಹರಿವು ಇದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತೆ. ಆದ್ದರಿಂದ ಲೆಕ್ಕವನ್ನು ಇವತ್ತಿನ ಖಾಲಿ ಜಾಗಕ್ಕಲ್ಲ, ಮುಂದೆ ಪೂರ್ತಿ ಊರಾದಾಗಿನ ಸ್ಥಿತಿಗೆ ಹಾಕಬೇಕು. ಇನ್ನೊಂದು ಎಚ್ಚರ: ಗುಡುಗುಮಳೆ ಇಡೀ ಜಲಾನಯನದ ಮೇಲೆ ಒಂದೇ ಸಮ ಬೀಳಲ್ಲ. ವಿಸ್ತೀರ್ಣ ಹೆಚ್ಚಿದ ಹಾಗೆ ಮಳೆಯ ಆಳವನ್ನು ಇಳಿಸೋ ಗುಣಕ ಹಾಕಬೇಕು. ಅದನ್ನು ಮರೆತರೆ ಕೆಳಗಿನ ಕಾಲುವೆ ಸುಮ್ಮನೆ ದೈತ್ಯಾಕಾರಕ್ಕೆ ಹೋಗುತ್ತೆ.

ಈಗ ಗುಂಡಿ ಯಾಕೆ ಅನ್ನೋದು. ಅದಕ್ಕೆ ಡಿಟೆನ್ಷನ್ ಬೇಸಿನ್ ಅಂತಾರೆ. ನೀರನ್ನು ಇಟ್ಟುಕೊಳ್ಳೋದು ಅದರ ಕೆಲಸ ಅಲ್ಲ, ತಡೆದು ನಿಧಾನಕ್ಕೆ ಬಿಡೋದು. ತಳದಲ್ಲಿ 1.5 ಮೀಟರ್ ವ್ಯಾಸದ ಒಂದು ಪೈಪ್. ಪೈಪಿನ ಮಧ್ಯದಿಂದ 5 ಮೀಟರ್ ನೀರು ನಿಂತಾಗ, ವಿಸರ್ಜನ ಗುಣಾಂಕ (ಪೈಪಿನ ಬಾಯಲ್ಲಿ ಹರಿವು ಕುಗ್ಗೋದಕ್ಕೆ ಹಾಕೋ ಕಡಿತ) 0.6 ಹಿಡಿದರೆ ಸೆಕೆಂಡಿಗೆ 10.5 ಘನ ಮೀಟರ್ ಹೊರಗೆ ಹೋಗುತ್ತೆ. ಒಳಗೆ ಸೆಕೆಂಡಿಗೆ 100 ಘನ ಮೀಟರ್ ನುಗ್ಗಿದರೂ ಕೆಳಗಿನ ಊರು ಕಾಣೋದು ಹತ್ತನ್ನೇ. ಮೇಲಿನ 3.5 ಲಕ್ಷ ಘನ ಮೀಟರ್ ಪೂರ್ತಿ ನಿಂತಿದೆ ಅಂದ್ಕೊಂಡರೂ, ಗೋಡೆ ನೇರವಾಗಿರೋ ಗುಂಡಿ ಖಾಲಿಯಾಗೋಕೆ ಗಾತ್ರದ ಎರಡರಷ್ಟನ್ನು ಗರಿಷ್ಠ ಹೊರಹರಿವಿನಿಂದ ಭಾಗಿಸಿ: 19 ಗಂಟೆ ಹತ್ತಿರ. ಮಾನ್ಸೂನ್ ಮಳೆ ದಿನ ಬಿಟ್ಟು ದಿನ, ಕೆಲವೊಮ್ಮೆ ದಿನಾ ಮಧ್ಯಾಹ್ನ ಬರೋದ್ರಿಂದ ಈ ಸಂಖ್ಯೆ ಮುಖ್ಯ. ನಾಳೆ ಮಧ್ಯಾಹ್ನಕ್ಕೆ ಗುಂಡಿ ಖಾಲಿ ಇರಬೇಕು.

ಬೇಸಿನ್ ಬಿಟ್ಟು ಬರೀ ಕಾಲುವೆ ಅಂದ್ರೆ 10 ಸಾಗಿಸೋ ಕಡೆ 100 ಸಾಗಿಸೋ ಕಾಲುವೆಯನ್ನು ಈಗಾಗಲೇ ಕಟ್ಟಿರೋ ಊರಿನ ನಡುವೆ, ಲೇಕ್ ಮೀಡ್‌ವರೆಗೂ ಒಯ್ಯಬೇಕು. ಪ್ರತಿ ರಸ್ತೆಗೂ ಅಷ್ಟು ಅಗಲದ ಸೇತುವೆ. ಜಮೀನಿನ ಬೆಲೆಯೊಂದೇ ಸಾಕು ಆ ಯೋಚನೆ ಕೈಬಿಡೋಕೆ.

ಕಾಲುವೆತಳ:

ಮಳೆಲೆಕ್ಕ ಅವರ ಲೆಕ್ಕ ಸರಿ, ಆದರೆ ಅದು ಶುದ್ಧ ನೀರಿನ ಲೆಕ್ಕ. ಮರುಭೂಮಿಯಲ್ಲಿ ಹರಿದು ಬರೋದು ನೀರಲ್ಲ. ಮರಳು, ಜಲ್ಲಿ, ಒಣಗಿದ ಉರುಳುಮುಳ್ಳಿನ ಗಿಡ, ಹಾಸಿಗೆ, ಶಾಪಿಂಗ್ ಗಾಡಿ ಎಲ್ಲ ಸೇರಿ ಬರುತ್ತೆ. ಕೈಕೊಡೋದು ಏನು ಅಂತ ಕೇಳಿದ್ರಲ್ಲ, ಒಂದೊಂದಾಗಿ ಹೇಳ್ತೀನಿ.

ಮೊದಲನೇದು ಕಸದ ಜಾಲರಿ. ಹೊರಹರಿವಿನ ಪೈಪಿನ ಬಾಯಿಗೆ ಸರಳಿನ ಜಾಲರಿ ಇರುತ್ತೆ. ಅದರ ಅರ್ಧ ಮುಚ್ಚಿ ಪೈಪಿನ ಬಾಯಿಯೇ ಅರ್ಧ ಕಟ್ಟಿದಂತಾದರೆ ಮೇಲಿನ 19 ಗಂಟೆ 37 ಗಂಟೆ ಆಗುತ್ತೆ. ಎರಡನೇ ದಿನದ ಮಳೆ ಇನ್ನೂ ಪೂರ್ತಿ ಖಾಲಿಯಾಗದ ಗುಂಡಿಗೆ ಬೀಳುತ್ತೆ. ಆದ್ದರಿಂದ ಜಾಲರಿಯ ವಿಸ್ತೀರ್ಣ ಪೈಪಿನ ಬಾಯಿಯ ಹಲವು ಪಟ್ಟು ಇರಬೇಕು, ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಇಡಬೇಕು. ನೀರು ಏರಿದ ಹಾಗೆ ಕಸವೂ ಮೇಲೇರುತ್ತೆ, ತಳ ತೆರೆದಿರುತ್ತೆ. ಜಾಲರಿ ನೀರು ಒಳಹೋಗೋ ಬಾಯಲ್ಲಿರಬೇಕು. ಹೊರಬರೋ ಬಾಯಲ್ಲಿ ಮಾತ್ರ ಹಾಕಿದರೆ ಒಳಗೆ ಸಿಕ್ಕಿಬಿದ್ದವರು ಅಲ್ಲಿಗೆ ಒತ್ತಿಕೊಂಡು ಸಾಯ್ತಾರೆ. ಲಾಸ್ ವೇಗಸ್‌ನ ಮಳೆನೀರಿನ ಸುರಂಗಗಳಲ್ಲಿ ನೆಲೆಯಿಲ್ಲದ ಜನ ವಾಸ ಮಾಡ್ತಾರೆ ಅನ್ನೋದು ಗೊತ್ತಿರೋ ವಿಷಯ. ಅವರ ತಲೆ ಮೇಲೆ ಬಿಸಿಲಿದ್ದಾಗಲೇ ದೂರದ ಬೆಟ್ಟದ ಮಳೆ ಸುರಂಗಕ್ಕೆ ಬಂದಿರುತ್ತೆ.

ಹೂಳು. ಬೇಸಿನ್‌ನ ಗಾತ್ರಕ್ಕೆ ಹೂಳಿನ ಪಾಲನ್ನು ಬೇರೆಯಾಗಿ ಸೇರಿಸಬೇಕು. ಒಳಹರಿವಿನ ಹತ್ತಿರ ಒಂದು ಚಿಕ್ಕ ಮುಂಗುಂಡಿ ಮಾಡಿದರೆ ದಪ್ಪ ಜಲ್ಲಿ ಅಲ್ಲೇ ಬೀಳುತ್ತೆ, ಲೋಡರ್ ಇಳಿಸಿ ತೆಗೆಯಬಹುದು. ಲೋಡರ್ ಇಳಿಯೋಕೆ ಇಳಿಜಾರು ದಾರಿಯನ್ನು ನಕ್ಷೆಯಲ್ಲೇ ಹಾಕದೆ ಬಿಟ್ಟರೆ ಆಮೇಲೆ ದಂಡೆ ಕಡಿಯೋ ಗತಿ. ತಳದಲ್ಲಿ ಎತ್ತರ ಗುರುತಿನ ಕಂಬ ನೆಡೋದು ಅಗ್ಗದ ಕೆಲಸ. ಹೂಳು ಎಲ್ಲಿಗೆ ಬಂದಿದೆ ಅಂತ ಸರ್ವೆಯವರನ್ನು ಕಾಯದೆ ಕಣ್ಣಲ್ಲೇ ಕಾಣುತ್ತೆ.

ಕಾಂಕ್ರೀಟ್ ಕಾಲುವೆಯ ವೇಗ. 5 ಮೀಟರ್ ಅಗಲ, 2 ಮೀಟರ್ ನೀರು, ನೂರಕ್ಕೆ ಒಂದರ ಇಳಿಜಾರು, ಮ್ಯಾನಿಂಗ್ ಒರಟುತನ (ಕಾಲುವೆಯ ಮೈ ಎಷ್ಟು ಒರಟು ಅನ್ನೋ ಅಂಕಿ) 0.015 ಅಂದ್ರೆ ವೇಗ ಸೆಕೆಂಡಿಗೆ 7 ಮೀಟರ್ ದಾಟುತ್ತೆ, ಹರಿವು 71 ಘನ ಮೀಟರ್. ಫ್ರೌಡ್ ಸಂಖ್ಯೆ, ಅಂದ್ರೆ ನೀರಿನ ವೇಗ ಅದರ ಮೇಲಿನ ಅಲೆಯ ವೇಗದ ಎಷ್ಟು ಪಟ್ಟು ಅನ್ನೋದು, 1.6. ಇದು ಮೀರುವೇಗದ ಹರಿವು, ಸಣ್ಣ ತಿರುವನ್ನೂ ಸಹಿಸಲ್ಲ. 50 ಮೀಟರ್ ತ್ರಿಜ್ಯದ ಸರಳ ತಿರುವಿನಲ್ಲಿ ಹೊರಗೋಡೆ ಕಡೆ ನೀರು ಇನ್ನೂ ಅರ್ಧ ಮೀಟರ್ ಏರುತ್ತೆ. ಗೋಡೆಯ ಎತ್ತರ ಅಷ್ಟಕ್ಕೆ ಇಲ್ಲದಿದ್ದರೆ ತಿರುವಿನಲ್ಲೇ ಹೊರಚೆಲ್ಲೋದು. ಅದೇ ಕಾಲುವೆಯ ತಳ ಜಲ್ಲಿ ಇದ್ದು ಒರಟುತನ 0.035 ಆದರೆ ಸಾಗೋದು 31 ಘನ ಮೀಟರ್ ಮಾತ್ರ. ‘ಹಸಿರು ಕಾಲುವೆ ಮಾಡಿ’ ಅನ್ನೋರು ಈ ಅಗಲಕ್ಕೆ ಜಾಗ ತೋರಿಸಬೇಕು. ಜಾಗ ಇರೋ ಕಡೆ ನಾನೂ ಅದನ್ನೇ ಹೇಳ್ತೀನಿ.

ಜನ ಮರೆಯೋದು ತಳದಡಿಯ ನೀರು. ಹುಲ್ಲುಹಾಸಿಗೆ ಬಿಟ್ಟ ನೀರು ಇಳಿದು ಕ್ಯಾಲೀಚೆ ಮೇಲೆ ನಿಂತು ಕಾಂಕ್ರೀಟ್ ಹಾಸನ್ನು ಕೆಳಗಿಂದ ಎತ್ತುತ್ತೆ. ಕಾಲುವೆ ತುಂಬಿ ಹರಿದು ತಟಕ್ಕನೆ ಖಾಲಿಯಾದಾಗ ಅಪಾಯ ಹೆಚ್ಚು: ಮೇಲಿನ ಭಾರ ಹೋಗಿದೆ, ಕೆಳಗಿನ ಒತ್ತಡ ಉಳಿದಿದೆ. ಅದಕ್ಕೇ ತಳದಡಿ ಜಲ್ಲಿ ಹಾಸು, ತೂತಿನ ಪೈಪ್, ಗೋಡೆಯಲ್ಲಿ ಸೋರುಕಂಡಿ. ಸೋರುಕಂಡಿ ಮುಚ್ಚಿಹೋಗಿದೆಯಾ ಅಂತ ವರ್ಷಕ್ಕೊಮ್ಮೆಯಾದರೂ ನೋಡಬೇಕು.

ಬೇಸಿನ್ ಕಟ್ಟೆಯ ಕೋಡಿ 100 ವರ್ಷದ ಮಳೆಗಲ್ಲ, ಅದಕ್ಕಿಂತ ಎಷ್ಟೋ ದೊಡ್ಡ ಪ್ರವಾಹಕ್ಕೆ. ನೆವಾಡಾದಲ್ಲಿ 20 ಅಡಿ ಎತ್ತರ ಮುಟ್ಟಿದ ಅಥವಾ 20 ಎಕರೆ-ಅಡಿಗಿಂತ (ಸುಮಾರು 24,700 ಘನ ಮೀಟರ್) ಹೆಚ್ಚು ನೀರು ತಡೆಯೋ ಕಟ್ಟೆ ಕಾನೂನಿನ ಕಣ್ಣಲ್ಲಿ ಅಣೆಕಟ್ಟೆ. ಸ್ಟೇಟ್ ಎಂಜಿನಿಯರ್ ಒಪ್ಪಿಗೆ ಬೇಕು. ವರ್ಷದ 360 ದಿನ ಒಣಗಿರೋ ಗುಂಡಿಯನ್ನ ಅಣೆಕಟ್ಟೆ ಅಂತ ಯಾರೂ ನೋಡಲ್ಲ. ಇಲಿ, ಅಳಿಲು ತೋಡಿದ ಬಿಲ ಗಮನಕ್ಕೆ ಬರದೇ ಉಳಿಯೋದು ಅದಕ್ಕೇ.

ಒಣಹಳ್ಳ:

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಇನ್ನೆರಡು. ಮರುಭೂಮಿಯಲ್ಲಿ ಇಷ್ಟು ನೀರು ಬಿಟ್ಟುಬಿಡೋದು ದಂಡ ಅಲ್ವಾ, ಗುಂಡಿಯಲ್ಲೇ ಹಿಡಿದಿಟ್ಟು ಬಳಸಬಾರದಾ? ಮತ್ತೆ, ಇಷ್ಟೆಲ್ಲ ಕಟ್ಟಿದ ಮೇಲೂ ಪ್ರತಿ ಮಳೆಗೆ ಸ್ಟ್ರಿಪ್ (ಕ್ಯಾಸಿನೊ ಹೋಟೆಲುಗಳ ಮುಖ್ಯ ಬೀದಿ) ಮೇಲಿನ ಒಂದು ಹೋಟೆಲಿನ ಪಾರ್ಕಿಂಗ್ ಒಳಗೆ ನದಿ ಹರಿಯೋ ವಿಡಿಯೊ ಬರುತ್ತಲ್ಲ?

ಮಳೆಲೆಕ್ಕ:

ಎರಡನೇದು ಮೊದಲು. ಆ ಕಟ್ಟಡ ಇರೋದೇ ಫ್ಲಮಿಂಗೊ ವಾಶ್ ಹಳ್ಳದ ಮೇಲೆ. ನೀರು ದಾರಿ ತಪ್ಪಿ ಅಲ್ಲಿಗೆ ಬಂದಿಲ್ಲ, ಪಾರ್ಕಿಂಗೇ ಅದರ ದಾರಿಯಲ್ಲಿದೆ. ಮೇಲ್ಭಾಗದಲ್ಲಿ ಸೇನೆಯ ಎಂಜಿನಿಯರ್ ಕೋರ್ ಮತ್ತು ಸ್ಥಳೀಯರು ಸೇರಿ ಟ್ರಾಪಿಕಾನಾ ಹಾಗೂ ಫ್ಲಮಿಂಗೊ ವಾಶ್ ಯೋಜನೆಯಡಿ ರೆಡ್ ರಾಕ್, ಬ್ಲೂ ಡೈಮಂಡ್‌ನಂಥ ಬೇಸಿನ್‌ಗಳನ್ನು ಕಟ್ಟಿದ್ದಾರೆ. ಆದರೆ ಬೇಸಿನ್‌ನಿಂದ ಕೆಳಗೆ, ಊರೊಳಗೆ ಬಿದ್ದ ಮಳೆಯನ್ನು ಬೇಸಿನ್ ಹಿಡಿಯೋದು ಹೇಗೆ? ಅದು ಹಳ್ಳಕ್ಕೇ ಬರಬೇಕು.

ಮೊದಲನೇದಕ್ಕೆ ಸಂಖ್ಯೆಯೇ ಉತ್ತರ. ನಮ್ಮ ಉದಾಹರಣೆಯ ನೂರು ವರ್ಷದ ಮಳೆ ಆ ಗುಂಡಿಗೆ ತಂದದ್ದು 3.5 ಲಕ್ಷ ಘನ ಮೀಟರ್, ಅಂದ್ರೆ ಸುಮಾರು 285 ಎಕರೆ-ಅಡಿ. ಕೊಲರಾಡೊ ನದಿಯಿಂದ ನೆವಾಡಾಗೆ ಹಂಚಿಕೆಯಾಗಿರೋದು ವರ್ಷಕ್ಕೆ 3 ಲಕ್ಷ ಎಕರೆ-ಅಡಿ. ಶೇಕಡಾ ಒಂದರ ಹತ್ತನೇ ಒಂದು ಪಾಲೂ ಇಲ್ಲ, ಅದೂ ಯಾವಾಗಲೋ ಒಮ್ಮೆ. ಅದಕ್ಕಾಗಿ ಗುಂಡಿ ತುಂಬಿಟ್ಟುಕೊಂಡರೆ ನಾಳೆಯ ಪ್ರವಾಹಕ್ಕೆ ಜಾಗ ಇಲ್ಲ, ಬಿಸಿಲಿಗೆ ಅರ್ಧ ಆವಿ, ಉಳಿದದ್ದರಲ್ಲಿ ಸೊಳ್ಳೆ.

ನಕ್ಷೆಗಾರ:

ಅದಕ್ಕೊಂದು ಸೇರಿಸ್ತೀನಿ. ಬಿಟ್ಟ ನೀರು ವ್ಯರ್ಥ ಆಗಲ್ಲ, ಲೇಕ್ ಮೀಡ್ ಸೇರುತ್ತೆ. ಆದರೆ ಊರಿನ ಕುಡಿಯೋ ನೀರಿನ ಮೂಲವೂ ಆ ಜಲಾಶಯವೇ. ಮಳೆನೀರಿನ ಚರಂಡಿ ಒಳಚರಂಡಿಗೆ ಸೇರಲ್ಲ, ಶುದ್ಧೀಕರಣ ಇಲ್ಲದೆ ನೇರ ಹೋಗುತ್ತೆ. ರಸ್ತೆಯ ಎಣ್ಣೆ, ತೋಟದ ಗೊಬ್ಬರ, ನಾಯಿಯ ಹೊಲಸು ಎಲ್ಲ ಮೊದಲ ಮಳೆಯಲ್ಲೇ ತೊಳೆದುಹೋಗುತ್ತೆ. ಆದ್ದರಿಂದ ಮಳೆನೀರಿನ ಗುಣಮಟ್ಟದ ಪರವಾನಗಿ ಕೆಲಸವನ್ನೂ ಕಣಿವೆಯ ಊರುಗಳ ಜೊತೆ ಇದೇ ಡಿಸ್ಟ್ರಿಕ್ಟ್ ನಡೆಸುತ್ತೆ.

ಬಡಾವಣೆ ಕಟ್ಟೋರಿಗೆ ಸಂಬಂಧಿಸಿದ ಒಂದು ಮಾತು ಬಿಟ್ಟುಹೋಗಿತ್ತು. ಅಲ್ಲಿ ರಸ್ತೆಯನ್ನೂ ಬೇಕೆಂದೇ ಕಾಲುವೆಯಾಗಿ ಬಳಸ್ತಾರೆ. ದೊಡ್ಡ ಮಳೆಯಲ್ಲಿ ರಸ್ತೆ ತುಂಬಿ ಹರಿಯೋದು ವೈಫಲ್ಯ ಅಲ್ಲ, ನೀರು ಮನೆಯ ನೆಲಮಟ್ಟಕ್ಕಿಂತ ಕೆಳಗೇ ಹರಿದು ಹೋದರೆ ವಿನ್ಯಾಸ ಗೆದ್ದ ಹಾಗೆ. ಅದಕ್ಕೇ ಒಳಚರಂಡಿ, ರಸ್ತೆ ನಕ್ಷೆಗೆ ಮೊದಲೇ ಡ್ರೈನೇಜ್ ಸ್ಟಡಿ ಕೇಳ್ತಾರೆ: ಮೇಲಿಂದ ಎಷ್ಟು ಬರುತ್ತೆ, ಎಲ್ಲಿ ಬರುತ್ತೆ, ಎಲ್ಲಿ ಬಿಡ್ತೀರಿ. ಬಂದ ಜಾಗದಲ್ಲೇ ತಗೊಂಡು ಹೋಗೋ ಜಾಗದಲ್ಲೇ ಬಿಡಬೇಕು. ಕಾಂಪೌಂಡ್ ಗೋಡೆ ಎತ್ತಿ ನೀರನ್ನು ಪಕ್ಕದವರ ಕಡೆ ತಿರುಗಿಸೋದು ತುಂಬ ಸಾಮಾನ್ಯ ತಪ್ಪು.

ಬೇಸಿನ್ ಮುಗಿದ ಮೇಲೂ ಕಾಗದದ ಕೆಲಸ ಇದೆ. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪ್ರವಾಹ ನಕ್ಷೆಯಲ್ಲಿ ಕೆಳಗಿನ ಮನೆಗಳು ಅಪಾಯ ವಲಯದಲ್ಲೇ ಇರ್ತವೆ. ಕಟ್ಟಿದಂತೆ ಅಳತೆ ಮಾಡಿದ ನಕ್ಷೆ, ಹೊಸ ಹರಿವಿನ ಲೆಕ್ಕ, ನಿರ್ವಹಣೆಯ ಹೊಣೆಪತ್ರ ಕಳಿಸಿ ನಕ್ಷೆ ತಿದ್ದುಪಡಿ ಪತ್ರ ಪಡೆದ ಮೇಲೇ ಮನೆ ವಲಯದಿಂದ ಹೊರಬರೋದು, ಸಾಲದ ಜೊತೆ ಕಡ್ಡಾಯ ವಿಮೆ ತಪ್ಪೋದು. ಹೊರಬಂದವರೂ ವಿಮೆ ಇಟ್ಟುಕೊಳ್ಳಬಹುದು. ಆದರೆ ಹೊಸ ಪಾಲಿಸಿ ಸಾಮಾನ್ಯವಾಗಿ 30 ದಿನದ ನಂತರವೇ ಜಾರಿಗೆ ಬರೋದ್ರಿಂದ ಮೋಡ ನೋಡಿ ಕೊಂಡರೆ ಕೆಲಸಕ್ಕೆ ಬರಲ್ಲ.

ಕಾಲುವೆತಳ:

ಎಚ್ಚರಿಕೆ ವ್ಯವಸ್ಥೆ ಯಾರೂ ಹೇಳಲಿಲ್ಲ. ಬೆಟ್ಟದಿಂದ ಊರಿನವರೆಗೆ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಇದೆ. ಇಂಥ ಅಲರ್ಟ್ ಮಾಪಕದ ಒಳಗೆ ತಕ್ಕಡಿಯಂಥ ಚಿಕ್ಕ ಬಕೆಟ್, 1 ಮಿ.ಮೀ. ಮಳೆಗೆ ಒಮ್ಮೆ ಮಗುಚಿ ರೇಡಿಯೊ ಸಂದೇಶ ಕಳಿಸುತ್ತೆ. ಮಳೆ ಬಿರುಸಾದಷ್ಟೂ ಸಂದೇಶ ಬೇಗ ಬೇಗ. ಹವಾಮಾನ ಸೇವೆ, ತುರ್ತು ಸೇವೆಯವರಿಗೆ ಈ ಮಾಹಿತಿ ಹೋಗುತ್ತೆ. ಕೈಕೊಡೋದು ಇಲ್ಲೂ ಸಣ್ಣ ವಿಷಯಕ್ಕೇ: ತಿಂಗಳುಗಟ್ಟಲೆ ಮಳೆ ಇಲ್ಲದೆ ಕೊಳವೆಯ ಬಾಯಲ್ಲಿ ದೂಳು, ಹಕ್ಕಿಯ ಹಿಕ್ಕೆ, ಜೇಡರ ಬಲೆ ಕಟ್ಟಿರುತ್ತೆ. ಬಕೆಟ್ ಮಗುಚಲ್ಲ, ಕಂಪ್ಯೂಟರ್ ‘ಸೊನ್ನೆ ಮಳೆ’ ಅನ್ನುತ್ತೆ. ಸೊನ್ನೆ ಅಂದ್ರೆ ಮಳೆ ಇಲ್ಲವೋ ಮಾಪಕ ಸತ್ತಿದೆಯೋ ತಿಳಿಯೋಕೆ, ಮಳೆ ಇಲ್ಲದಾಗಲೂ ನಿಗದಿತ ಹೊತ್ತಿಗೊಮ್ಮೆ ‘ಇದ್ದೇನೆ’ ಅನ್ನೋ ಸಂದೇಶ ಬರುವಂತೆ ಇಡ್ತಾರೆ. ಅದೂ ಕೊಳವೆ ಕಟ್ಟಿದ್ದನ್ನು ಹೇಳಲ್ಲ. ಜೂನ್ ಮುಗಿಯೋದರೊಳಗೆ ಪ್ರತಿ ಮಾಪಕದ ಬಳಿ ಹೋಗಿ ಬಾಯಿ ತೊಳೆದು, ಅಳೆದ ನೀರು ಸುರಿದು, ಎಷ್ಟು ಸಲ ಮಗುಚಿತು ಅಂತ ಎಣಿಸಬೇಕು.

ಇನ್ನು ಹಳ್ಳ ರಸ್ತೆ ದಾಟೋ ತಗ್ಗುಗಳು. ಹವಾಮಾನ ಸೇವೆಯ ಲೆಕ್ಕ ಇಷ್ಟೇ: ರಭಸದ 15 ಸೆಂ.ಮೀ. ನೀರು ದೊಡ್ಡ ಮನುಷ್ಯನನ್ನೂ ಬೀಳಿಸುತ್ತೆ, 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸುತ್ತೆ, 60 ಸೆಂ.ಮೀ. ಬಹುಪಾಲು ವಾಹನಗಳನ್ನು ಒಯ್ಯುತ್ತೆ. ತಗ್ಗಿನಲ್ಲಿ ಆಳದ ಕಂಬ ನೆಡುವಾಗ ಸೊನ್ನೆಯನ್ನು ರಸ್ತೆಯ ಅತಿ ತಗ್ಗಿನ ಬಿಂದುವಿಗೇ ಹೊಂದಿಸಬೇಕು, ಕಂಬ ನಿಂತ ಅಂಚಿನ ನೆಲಕ್ಕಲ್ಲ. ಅಂಚು 20 ಸೆಂ.ಮೀ. ಎತ್ತರ ಇದ್ದರೆ ಕಂಬ 10 ತೋರಿಸುವಾಗ ನಡುರಸ್ತೆಯಲ್ಲಿ 30 ಇರುತ್ತೆ.